ಸಿಲೋನಿನಲ್ಲಿ ಬಂದ ಹೆಸರು

ನನ್ನ ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಜೀವಮಾನದಲ್ಲಿ ಒಂದೇ ಒಂದು ಸಲ. ಯಾಕಾದರೂ ಹೇಳಿದೆನೋ ಎನ್ನುವಂತಾಯಿತು. ಹಾಗಾಗಿ ಇಲ್ಲಿಯೂ ಬರೆಯುವುದಿಲ್ಲ. ಹೆಸರು ಗೊತ್ತಿಲ್ಲದೆ ಹೇಗೆ ಓದೋದು ಅನ್ನುವವರು ಓದಬೇಡಿ, ನನಗೇನೂ ನಷ್ಟವಿಲ್ಲ.

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳಬಾರದು. ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದಂತೆ. ಹಳೇಬೀಡಿನಲ್ಲಿ ನಮ್ಮವ್ವ ಸಾಯುವ ತನಕ ಅಪ್ಪನನ್ನು ‘ಇವ್ರೇ’ ಅಂತಲೇ ಕರೆದಳು. ನಾನು ಎಸ್ಸೆಸ್ಸೆಲ್ಸಿ ಓದಿದವಳು, ಆಮೇಲೆ ಶಿಶುವಿಹಾರದಲ್ಲಿ ಟೀಚರಮ್ಮ ಅನ್ನಿಸಿಕೊಂಡವಳು, ಆದರೂ ಅಷ್ಟೇ. ರೇಷನ್ ಅಂಗಡಿಯವನು “ಯಜಮಾನ್ರ ಹೆಸರೇನ್ರೀ?” ಅಂತ ಕೇಳಿದರೆ ಪಕ್ಕದ ಮನೆಯವಳ ಭುಜ ತಿವಿದು ಅವಳ ಬಾಯಲ್ಲಿ ಹೇಳಿಸುತ್ತಿದ್ದೆ. ಅವಳ ಗಂಡನ ಹೆಸರನ್ನು ನಾನು ಹೇಳುತ್ತಿದ್ದೆ. ಹೀಗೆ ಇಬ್ಬರೂ ಸಕ್ಕರೆ ತರುತ್ತಿದ್ದೆವು.

ನಾನು ಮದುವೆಯಾಗಿ ಅರಸೀಕೆರೆಗೆ ಬಂದಾಗ ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಅವರಿಗೆ ಕೊಬ್ಬರಿ ಮಂಡಿಯೊಂದರಲ್ಲಿ ಹರಾಜು ಕೂಗುವ ಕೆಲಸ. ಸುತ್ತಲ ಹಳ್ಳಿಯ ರೈತರು ತಂದು ಸುರಿದ ಕೊಬ್ಬರಿ ರಾಶಿಯ ಮುಂದೆ ನಿಂತು, ಇದು ಇಂಥ ಊರಿನ ಇಂಥವರ ರಾಶಿ, ಇಂಥ ಸಾಹುಕಾರರ ಸವಾಲು ಇಷ್ಟು, ಮೇಲೆ ಯಾರಾದರೂ ಉಂಟೋ ಅಂತ ಕೂಗಬೇಕು. ಗಂಟಲು ಅಂದರೆ ಗಂಟಲು! ರೈಲ್ವೆ ಗೇಟಿನ ತನಕ ಕೇಳಿಸುತ್ತಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಊರವರ ಹೆಸರನ್ನೆಲ್ಲ ಕೂಗುತ್ತಿದ್ದ ಆ ಮನುಷ್ಯನನ್ನು ಮಾತ್ರ ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ‘ಕೂಗುಮಾರಿ’. ಕೂಗುಮಾರಿ ಅಂದರೆ ಮಕ್ಕಳನ್ನು ಹೆದರಿಸುವ ದೆವ್ವ. ಕತ್ತಲಾದ ಮೇಲೆ ಬಾಗಿಲ ಮುಂದೆ ನಿಂತು ಹೆಸರು ಹಿಡಿದು ಕೂಗುತ್ತದಂತೆ, ಓಗೊಟ್ಟವರು ರಕ್ತ ಕಾರಿ ಸಾಯುತ್ತಾರಂತೆ. “ಏನ್ಲಾ ಕೂಗುಮಾರಿ, ಕಾಫಿ ಆಯ್ತೇನ್ಲಾ?” ಅಂತ ನನ್ನ ಮುಂದೆಯೇ ಕೇಳುತ್ತಿದ್ದರು. ಇವರು ಹಲ್ಲು ಬಿಟ್ಟು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ನಿಮಗೆ ನಾಚಿಕೆ ಆಗಲ್ವೇನ್ರೀ? ಅವ್ವ ಅಪ್ಪ ಇಟ್ಟ ಹೆಸರಿಲ್ವಾ?” ಅಂದರೆ, “ಐತೆ ಬಿಡೇ. ಸಿಲೋನಲ್ಲಿ ಬತ್ತದೆ ನೋಡ್ತಾ ಇರು” ಅನ್ನುತ್ತಿದ್ದರು.

ಸಿಲೋನು ಅವರ ಹುಚ್ಚು. ಆ ದೇಶ ತನ್ನ ಹೆಸರು ಬದಲಾಯಿಸಿಕೊಂಡು ವರ್ಷಗಳೇ ಆಗಿದ್ದವು, ನಮ್ಮ ಜನರ ಬಾಯಲ್ಲಿ ಅಲ್ಲಿಯ ರೇಡಿಯೊ ಸ್ಟೇಷನ್ನು ಸಿಲೋನಾಗಿಯೇ ಉಳಿದಿತ್ತು. ಅದರ ಚರಿತ್ರೆಯನ್ನು ಮದುವೆಯಾದ ಹೊಸದರಲ್ಲಿ ನನಗೆ ಪಾಠ ಮಾಡಿದ್ದರು. ಬೇರೆ ಗಂಡಂದಿರು ಹೊಸ ಹೆಂಡತಿಯ ಹತ್ತಿರ ಏನೇನು ಮಾತಾಡುತ್ತಾರೋ, ನನ್ನ ಪಾಲಿಗೆ ಬಂದದ್ದು ಇದು. ದೊಡ್ಡ ಯುದ್ಧ ನಡೆದಾಗ ತಮ್ಮ ಸೈನಿಕರಿಗೆ ಸುದ್ದಿ, ಹಾಡು ಕೇಳಿಸಲಿಕ್ಕೆ ಇಂಗ್ಲಿಷರು ಅಲ್ಲೊಂದು ಭಾರೀ ಯಂತ್ರ ಕೂರಿಸಿದ್ದರಂತೆ. ಯುದ್ಧ ಮುಗಿದ ಮೇಲೆ ಅದು ಆ ಊರಿನವರ ಕೈಗೆ ಬಂತು. ಅಷ್ಟು ದೂರ ಕೂಗುವ ಯಂತ್ರ ಸುಮ್ಮನೆ ಯಾಕಿರಬೇಕು ಅಂತ ಅವರು ಅದನ್ನು ವ್ಯಾಪಾರಕ್ಕೆ ಬಿಟ್ಟರು. ಹಲ್ಲುಪುಡಿ, ಸೋಪು, ತಲೆಗೆ ಹಚ್ಚುವ ಎಣ್ಣೆ, ಎಲ್ಲದರ ಜಾಹೀರಾತೂ ಹಾಡಿನ ಮಧ್ಯೆ ಬಂತು. ಅದೇ ಹೊತ್ತಿಗೆ ನಮ್ಮ ಸರ್ಕಾರದ ರೇಡಿಯೊದವರು ಸಿನಿಮಾ ಹಾಡು ಕೀಳು ಅಂತ ಮೂಗು ಮುರಿದು ದೂರ ಇಟ್ಟರು. ಇನ್ನೇನು, ದೇಶಕ್ಕೆ ದೇಶವೇ ಗುಂಡಿ ತಿರುಗಿಸಿ ಸಿಲೋನಿಗೆ ಹೋಯಿತು. ಆಮೇಲೆ ಸರ್ಕಾರಕ್ಕೆ ಬುದ್ಧಿ ಬಂದು ತಾನೂ ಸಿನಿಮಾ ಹಾಡು ಹಾಕಿತು, ಜಾಹೀರಾತೂ ತಗೊಂಡಿತು. ನಾನು ಅರಸೀಕೆರೆಗೆ ಬರುವ ಹೊತ್ತಿಗೆ ಸಿಲೋನಿನ ದರ್ಬಾರು ಇಳಿಮುಖವಾಗಿತ್ತು. ಅಲೆಯ ಮೇಲೆ ಅಲೆ ಬಂದಂತೆ ದನಿ ಏಳುತ್ತಿತ್ತು, ಮುಳುಗುತ್ತಿತ್ತು. ಆದರೂ ಹಳಬರು ಬಿಟ್ಟಿರಲಿಲ್ಲ.

ಅಲ್ಲಿ ಸಂಜೆ ಹಿಂದಿಯಲ್ಲಿ ಒಂದು ಕಾರ್ಯಕ್ರಮ. ಕೇಳುಗರು ಕಾರ್ಡು ಬರೆದು ತಮಗೆ ಬೇಕಾದ ಹಾಡು ಕೇಳಬಹುದು. ಹಾಡಿಗೆ ಮುಂಚೆ ಕೇಳಿದವರ ಹೆಸರು, ಊರು ಓದುತ್ತಾರೆ. ಒಂದೊಂದು ಹಾಡಿಗೂ ಹನುಮಂತನ ಬಾಲದ ಹಾಗೆ ಹೆಸರುಗಳು. ಗಂಡ, ಹೆಂಡತಿ, ಆಮೇಲೆ ಮಕ್ಕಳು ಮರಿಗಳೆಲ್ಲರ ಮುದ್ದಿನ ಹೆಸರು. ನಮ್ಮವರಿಗೆ ಹಾಡು ಬೇಕಾಗಿರಲಿಲ್ಲ. ಹಿಂದಿ ಬಂದರಲ್ಲವೇ? ಅವರು ಕಾಯುತ್ತಿದ್ದದ್ದು ಆ ಹೆಸರುಗಳಿಗೆ.

ಒಂದು ದಿನ ನಾನು ಸಿಡುಕಿ ಕೇಳಿಯೇಬಿಟ್ಟೆ. “ಬಂದ್ರೇನು ಬರದಿದ್ರೇನು? ಅದರಿಂದ ಅನ್ನ ಬೇಯ್ತದಾ?”

ಅವರು ಹೇಳಿದರು. “ನೋಡೇ, ನಾನು ದಿನಾ ಊರೋರ ಹೆಸರೆಲ್ಲ ಕೂಗ್ತೀನಿ. ನನ್ನ ಹೆಸರು ಯಾರೂ ಕೂಗಲ್ಲ. ನಮಗೇನು ಮಕ್ಕಳೈತಾ, ಇವರು ಇಂಥೋರ ಮಕ್ಕಳು ಅನ್ಸ್ಕೊಳಕ್ಕೆ? ನಿನ್ನ ಹೆಸರು ನನ್ನ ಹೆಸರು ಒಂದ್ಸಲ ಜೊತೇಲಿ ಬರ್ಲಿ. ಸಮುದ್ರದ ಆಚೆಯಿಂದ ಬರ್ಲಿ. ಸಾಕು.”

ಮಕ್ಕಳಿಲ್ಲದ್ದು ನಿಜ. ಮದುವೆಯಾದ ಮೊದಲ ವರ್ಷ ಊರವರು ಕೇಳಿದರು, ಎರಡನೆಯ ವರ್ಷ ಔಷಧಿ ಹೇಳಿದರು, ಆಮೇಲೆ ಶುಭಕಾರ್ಯದಲ್ಲಿ ಆರತಿ ತಟ್ಟೆ ಮುಟ್ಟುವಾಗ ನನ್ನ ಕೈ ನೋಡತೊಡಗಿದರು. ಹಾಗಾಗಿ ಅವರ ಆಸೆ ನನಗೆ ಅರ್ಥವಾಯಿತು. ಅವತ್ತಿನಿಂದ ಆ ವಿಷಯಕ್ಕೆ ಅವರನ್ನು ನಾನು ಬೈದಿಲ್ಲ.

ಕಾರ್ಡು ಬರೆದುಕೊಡಲಿಕ್ಕೆ ರೈಲ್ವೆ ಸ್ಟೇಷನ್ನಿನಲ್ಲಿ ಉತ್ತರದ ಕಡೆಯ ಬುಕಿಂಗ್ ಕ್ಲರ್ಕ್ ಒಬ್ಬನಿದ್ದ. ಅವನಿಗೆ ಎಳನೀರು ಕೊಟ್ಟು ಇವರು ಹಿಂದಿಯಲ್ಲಿ ಬರೆಸುತ್ತಿದ್ದರು. ಒಂದು ಹಾಡು, ಇವರ ಹೆಸರು, ನನ್ನ ಹೆಸರು, ಅರಸೀಕೆರೆ. ಅಷ್ಟೇ. ಕಾರ್ಡು ಬೊಂಬಾಯಿಯ ವಿಳಾಸಕ್ಕೆ ಹೋಗಿ ಅಲ್ಲಿಂದ ಸಿಲೋನಿಗೆ ಹೋಗುತ್ತಿತ್ತು. ಎಷ್ಟು ಕಳಿಸಿದರೋ ದೇವರಿಗೇ ಗೊತ್ತು. ಒಂದೂ ಬರಲಿಲ್ಲ. ದೇಶದ ಮೂಲೆಮೂಲೆಯಿಂದ ಮೂಟೆಗಟ್ಟಲೆ ಕಾರ್ಡು ಹೋಗುವಾಗ ನಮ್ಮದಕ್ಕೆ ಸರದಿ ಬರುವುದು ಯಾವಾಗ? ಆ ಕ್ಲರ್ಕಿಗೂ ವರ್ಗವಾಗಿ ಹೋಯಿತು.

ನಮ್ಮ ಮನೆಯಲ್ಲಿ ರೇಡಿಯೊ ಇರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲು, ಅದರ ಗಲ್ಲಾದ ಹಿಂದೆ ಹಲಗೆಯ ಮೇಲೆ ದೊಡ್ಡ ರೇಡಿಯೊ. ಮುಂಭಾಗದಲ್ಲಿ ಹಸಿರು ದೀಪ, ಮೇಲೆ ಗೋಡೆಯಿಂದ ಗೋಡೆಗೆ ಏರಿಯಲ್ ಅನ್ನುವ ತಾಮ್ರದ ಪಟ್ಟಿ. ದಿನಾ ಸಂಜೆ ಇವರು ಅಲ್ಲಿಗೆ ಹೋಗಿ, ಕೂರಲು ಜಾಗವಿದ್ದರೂ ಕೂರದೆ, ರೇಡಿಯೊದ ಮುಂದೆ ಕಣ್ಣುಮುಚ್ಚಿ ನಿಲ್ಲುತ್ತಿದ್ದರು. ಊರಿಗೆ ಊರೇ ನೋಡುತ್ತಿತ್ತು. ಆಸೆಯನ್ನು ಹಾಗೆ ಬೀದಿಯಲ್ಲಿ ಒಣಗಹಾಕಬಾರದು ಅಂತ ಆ ಮನುಷ್ಯನಿಗೆ ಯಾರೂ ಕಲಿಸಿರಲಿಲ್ಲ.

ಇವರ ಮಂಡಿ ಸಾಹುಕಾರನಿಗೆ ಒಬ್ಬ ಮಗ. ಎಲ್ಲರೂ ಸಣ್ಣ ಸಾಹುಕಾರ ಅನ್ನುತ್ತಿದ್ದರು. ನಮ್ಮ ಕಡೆಯ ಕೊಬ್ಬರಿಯೆಲ್ಲ ಹೋಗುವುದು ಉತ್ತರಕ್ಕೆ, ಅಲ್ಲಿಯ ವ್ಯಾಪಾರಸ್ಥರ ಹತ್ತಿರ ಮಾತಾಡಬೇಕಲ್ಲ, ಹಾಗಾಗಿ ಅಪ್ಪ ಅವನನ್ನು ಬೊಂಬಾಯಿಯಲ್ಲಿ ಕೆಲವು ಕಾಲ ಇಟ್ಟಿದ್ದ. ಅವನು ಹಿಂದಿ ಕಲಿತು ಬಂದ. ಬುದ್ಧಿ ಏನೂ ಕಲಿಯಲಿಲ್ಲ. ತೆಳ್ಳಗೆ, ಬೆಳ್ಳಗೆ, ಅಂಗಿಯ ಕಾಲರು ಸದಾ ಎತ್ತಿಕೊಂಡು ಓಡಾಡುತ್ತಿದ್ದ. ಕೆಲಸವಿಲ್ಲದ ಹೊತ್ತಿನಲ್ಲಿ ರೇಡಿಯೊದವರ ದನಿಯನ್ನು ಅನುಕರಿಸಿ ಗೆಳೆಯರನ್ನು ನಗಿಸುವುದು ಅವನ ಕಸುಬು. ಅವನಿಗೆ ಜೊತೆ, ಮದುವೆ ಮನೆಗಳಿಗೆ ಮೈಕ್ ಸೆಟ್ ಕಟ್ಟುವ ಒಬ್ಬ.

ಒಂದು ಸಂಜೆ ನಮ್ಮವರು ಓಡಿಕೊಂಡು ಮನೆಗೆ ಬಂದರು. ಒಂದು ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ, ಇನ್ನೊಂದರಲ್ಲಿ ಮಲ್ಲಿಗೆ ಹೂವು. ಏದುಸಿರು.

“ಬಂತು ಕಣೇ! ಬಂತು!”

“ಏನು ಬಂತ್ರೀ? ರೈಲಾ?”

“ಹೆಸರು ಕಣೇ! ನಂದು, ನಿಂದು! ಸ್ಪಷ್ಟವಾಗಿ! ಅರಸೀಕೆರೆ ಅಂತಾನೂ ಅಂದ್ರು! ಹಾಡೂ ಹಾಕಿದ್ರು, ನಾನು ಕೇಳಿದ್ದೇ ಹಾಡು!”

ಹೋಟೆಲಿನಲ್ಲಿ ಇದ್ದವರಿಗೆಲ್ಲ ಸಿಹಿ ಕೊಡಿಸಿ ಬಂದಿದ್ದರು. ಅವರ ಕಣ್ಣಲ್ಲಿ ನೀರು. ಹೂವನ್ನು ತಾವೇ ನನ್ನ ಮುಡಿಗೆ ಸಿಕ್ಕಿಸಿದರು, ಯಾವತ್ತೂ ಮಾಡದ ಕೆಲಸ ಅದು. ಸುಳ್ಳು ಯಾಕೆ ಹೇಳಲಿ, ನನಗೂ ಹಿಗ್ಗಾಯಿತು. ನನ್ನ ಹೆಸರನ್ನು ಸಮುದ್ರದಾಚೆ ಯಾರೋ ಹೇಳಿದರು ಅಂದರೆ ಸಾಮಾನ್ಯವೇ? ಅವತ್ತು ಊಟ ಮಾಡುವಾಗ ಅವರು ಹೇಳಿದರು, “ಸಣ್ಣ ಸಾಹುಕಾರ್ರು ಎದ್ದು ಬಂದು ಕೈ ಕುಲುಕಿದ್ರು ಕಣೇ. ಮುಂದಿನ ವಾರ ಇದೇ ದಿನ ಮತ್ತೆ ಓದ್ತಾರಂತೆ, ಹಂಗೊಂದು ಹೊಸ ಪದ್ಧತಿ ಮಾಡವ್ರಂತೆ. ಅಕ್ಕನ್ನೂ ಕರ್ಕೊಂಬಾ ಅಂದ್ರು. ಎಷ್ಟು ಒಳ್ಳೇ ಹುಡುಗ ನೋಡು.”

ಒಳ್ಳೇ ಹುಡುಗ! ಅವನ ನಾಲಿಗೆ ಸೇದಿಹೋಗ.

ಮುಂದಿನ ವಾರ ಮದುವೆಯ ಸೀರೆ ಉಟ್ಟುಕೊಂಡು ಹೋದೆ. ಹೋಟೆಲಿನಲ್ಲಿ ಹೆಂಗಸರು ಗಂಡಸರ ಮಧ್ಯೆ ಕೂರುವಂತಿರಲಿಲ್ಲ, ಒಳಗೆ ಪರದೆ ಎಳೆದ ಫ್ಯಾಮಿಲಿ ರೂಮಿತ್ತು. ಅಲ್ಲಿ ನನ್ನನ್ನು ಕೂರಿಸಿ, ಕಾಫಿ ಹೇಳಿ, ಇವರು ಹೊರಗೆ ರೇಡಿಯೊ ಮುಂದೆ ನಿಂತರು. ಪರದೆಯ ಸಂದಿನಿಂದ ನನಗೆ ಅವರ ಬೆನ್ನು ಕಾಣುತ್ತಿತ್ತು. ಒಗೆದ ಪಂಚೆ, ಎಣ್ಣೆ ಹಚ್ಚಿ ಬಾಚಿದ ತಲೆ. ದೇವಸ್ಥಾನದಲ್ಲಿ ನಿಂತವರ ಹಾಗೆ ಕೈ ಮುಗಿದುಕೊಂಡಿದ್ದರು. ಹೋಟೆಲು ತುಂಬಿತ್ತು. ಮಂಡಿಯ ದಲ್ಲಾಳಿಗಳು, ಹಮಾಲಿಗಳು, ಬಸ್ಸಿಗೆ ಕಾಯುವವರು, ಯಾರೂ ಕಾಫಿ ಕುಡಿಯುತ್ತಿರಲಿಲ್ಲ. ಎಲ್ಲರ ಕಣ್ಣೂ ಇವರ ಮೇಲೆ. ಪರವಾಗಿಲ್ಲ, ನಮ್ಮವರಿಗೂ ಒಂದು ದಿನ ಮರ್ಯಾದೆ ಬಂತಲ್ಲ ಅಂದುಕೊಂಡೆ.

ಹೋಟೆಲಿನವನು ಎದ್ದು ರೇಡಿಯೊದ ಒಂದು ಗುಂಡಿ ತಿರುಗಿಸಿ ಕೂತ. ದನಿ ಬಂತು. ಬಂದದ್ದು ಎರಡು ಕಡೆಯಿಂದ. ಎದುರಿಗೆ ರೇಡಿಯೊದಿಂದ ಒಂದು, ನನ್ನ ಬೆನ್ನ ಹಿಂದಿನ ಹಲಗೆ ಗೋಡೆಯ ಆಚೆಯಿಂದ ಇನ್ನೊಂದು. ಗೋಡೆಯಾಚೆ ಹೋಟೆಲಿನ ಉಗ್ರಾಣ. ಸಮುದ್ರದ ಆಚೆ ಮಾತಾಡುತ್ತಿದ್ದವನು ಈರುಳ್ಳಿ ಮೂಟೆಯ ಪಕ್ಕದಲ್ಲಿ ಕೂತಿದ್ದ.

ನಾನು ತಿರುಗಿ ಆ ಹಲಗೆಗೆ ಕಿವಿ ಇಟ್ಟೆ. ಅಷ್ಟರಲ್ಲೇ ಅವನು ಇವರ ಹೆಸರು ಓದಿದ, ನನ್ನ ಹೆಸರು ಓದಿದ, ನಿಲ್ಲಿಸದೆ ಮುಂದುವರಿಸಿದ. “ಔರ್ ಇನ್ ಕೇ ಬಚ್ಚೇ, ಪಪ್ಪು, ಮುನ್ನಿ, ಪಿಂಕಿ.” ಈ ಬರಹದಲ್ಲಿ ಹೆಸರಿರುವುದು ಆ ಮೂವರಿಗೆ ಮಾತ್ರ. ಅವರು ಯಾರೂ ಹುಟ್ಟಿರಲಿಲ್ಲ.

ಬಚ್ಚೇ ಅಂದರೆ ಏನು ಅಂತ ಅಷ್ಟು ವರ್ಷ ಸಿಲೋನು ಕೇಳಿದ ಇವರಿಗೆ ಗೊತ್ತಿತ್ತು. ಮುಗಿದ ಕೈ ಬಿಡಿಸಿ, ಹಿಂದೆ ತಿರುಗಿ, ಕೂತಿದ್ದ ಜನಕ್ಕೆಲ್ಲ ಬಹಳ ಗಂಭೀರವಾಗಿ ಹೇಳಿದರು, “ಇಲ್ಲ, ಇಲ್ಲ, ಅದು ಅವ್ರು ತಪ್ಪು ಓದವ್ರೆ. ನಮಗೆ ಮಕ್ಕಳಿಲ್ಲ. ಕಾರ್ಡಲ್ಲಿ ನಾವು ಮಕ್ಕಳು ಅಂತ ಬರ್ಸಿರ್ಲಿಲ್ಲ.”

ಹೋಟೆಲಿಗೆ ಹೋಟೆಲೇ ಬಿದ್ದು ಬಿದ್ದು ನಕ್ಕಿತು. ಮೇಜು ಗುದ್ದಿಕೊಂಡು ನಕ್ಕರು. ಒಬ್ಬ ಎಂಜಲು ನೆತ್ತಿಗೇರಿ ಕೆಮ್ಮುತ್ತ ನಕ್ಕ. ಇವರು ಇನ್ನೂ ಕೈಯಾಡಿಸಿ “ತಪ್ಪಾಗೈತೆ, ತಪ್ಪಾಗೈತೆ” ಅನ್ನುತ್ತಲೇ ಇದ್ದರು.

ನಾನು ಎದ್ದು ಉಗ್ರಾಣದ ಬಾಗಿಲಿಗೆ ಒದ್ದೆ. ಒಳಗೆ ಸಣ್ಣ ಸಾಹುಕಾರ ಮೂಟೆಯ ಮೇಲೆ ಕಾಲು ಚಾಚಿ ಮೈಕು ಹಿಡಿದು ಕೂತಿದ್ದ, ಪಕ್ಕದಲ್ಲಿ ಮೈಕ್ ಸೆಟ್ಟಿನವನು ಹಾಡಿನ ರೆಕಾರ್ಡಿನ ಮೇಲೆ ಮುಳ್ಳು ಇಡುತ್ತಿದ್ದ. ಆ ಕಾಲದ ದೊಡ್ಡ ರೇಡಿಯೊಗಳಿಗೆ ಹಿಂದುಗಡೆ ಗ್ರಾಮಫೋನು ಸಿಗಿಸಲಿಕ್ಕೆ ಎರಡು ತೂತು ಇರುತ್ತಿತ್ತು. ಅಲ್ಲಿಗೆ ವೈರು ಎಳೆದು ಮುಂದಿನ ಗುಂಡಿ ತಿರುಗಿಸಿದರೆ ಸಿಲೋನು ನಿಂತು ಉಗ್ರಾಣ ಮಾತಾಡುತ್ತದೆ. ನನ್ನ ಕೈಯಲ್ಲಿ ಬಿಸಿ ಕಾಫಿಯ ಲೋಟ ಹಾಗೇ ಇತ್ತು. ಅವನ ಮುಖಕ್ಕೆ ಎರಚಿದೆ. ವೈರು ಹಿಡಿದು ಎಳೆದೆ, ಹೊರಗೆ ರೇಡಿಯೊ ಕಿರ್ರೆಂದು ಅರಚಿ ನಿಂತಿತು.

ಇವರು ಬಾಗಿಲಲ್ಲಿ ಬಂದು ನಿಂತಿದ್ದರು. ಮೈಕು ನೋಡಿದರು, ವೈರು ನೋಡಿದರು, ಸಣ್ಣ ಸಾಹುಕಾರನ ಒದ್ದೆ ಅಂಗಿ ನೋಡಿದರು. ನನಗೆ ಅವರು ಬಡಿಯಲಿ, ಬೈಯಲಿ, ಆ ಮೂಟೆಗಳನ್ನೆಲ್ಲ ಎತ್ತಿ ಅವನ ಮೇಲೆ ಹಾಕಲಿ ಅನ್ನಿಸಿತು. ಅವರು ತಮ್ಮ ಹೆಗಲ ಟವೆಲ್ಲು ತೆಗೆದು ಅವನ ಕೈಗೆ ಕೊಟ್ಟರು, ಒರೆಸಿಕೊಳ್ಳಲಿಕ್ಕೆ! ಅನ್ನ ಕೊಡುವ ಧಣಿಯ ಮಗನಲ್ಲವೇ? ಅಯ್ಯೋ ನನ್ನ ಕರ್ಮವೇ. ಅವನು ಆ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, “ಏನಕ್ಕಾ, ತಮಾಷೆ ಮಾಡಿದ್ರೆ ಇಷ್ಟು ಕೋಪಾನಾ?” ಅಂದ.

ಕೂಗುಮಾರಿ ಅನ್ನುವ ಹೆಸರು ಅವತ್ತಿಗೆ ಹೋಯಿತು. ‘ಸಿಲೋನು’ ಬಂತು. ಬೀದಿಯಲ್ಲಿ ಹೋದರೆ ಹುಡುಗರು ಮೂಗು ಹಿಡಿದುಕೊಂಡು ರೇಡಿಯೊ ದನಿಯಲ್ಲಿ ಕೂಗುತ್ತಿದ್ದರು. ನನ್ನನ್ನು ಬಾವಿಯ ಹತ್ತಿರ ಒಬ್ಬಳು “ಪಿಂಕಿಗೆ ಜ್ವರ ಬಿಡ್ತೇನ್ರೀ?” ಅಂತ ಕೇಳಿದಳು. ಅವಳ ಬಿಂದಿಗೆ ಒಡೆದು ಬಂದೆ, ಬಿಡಿ. ಆದರೆ ಮಂಡಿಯೊಳಗೆ ನಾನು ಹೋಗಿ ಯಾರ ಬಿಂದಿಗೆ ಒಡೆಯಲಿ? ಅಲ್ಲಿ ಒಂದು ದಿನ ಹರಾಜಿನ ಬಿರುಸಿನಲ್ಲಿ ಇವರು “ಯಾರ ಸವಾಲು?” ಅಂದಿದ್ದಾರೆ. ಹಿಂದಿನಿಂದ ಯಾರೋ “ಪಪ್ಪು ಸಾವ್ಕಾರ್ದು” ಅಂದಿದ್ದಾನೆ. ಇವರು ವರ್ಷಗಳ ಅಭ್ಯಾಸಬಲದಿಂದ ಗಂಟಲೆತ್ತಿ “ಪಪ್ಪು ಸಾಹುಕಾರರ ಸವಾಲು” ಅಂತ ರೈಲ್ವೆ ಗೇಟಿನ ತನಕ ಕೇಳುವ ಹಾಗೆ ಕೂಗಿಬಿಟ್ಟಿದ್ದಾರೆ. ಕೂಗಿ ಮುಗಿಸಿದ ಮೇಲೆಯೇ ಗೊತ್ತಾದದ್ದು. ಮಂಡಿಯೆಲ್ಲ ಗೊಳ್ಳೆಂದಿತಂತೆ.

ಅವತ್ತು ಮನೆಗೆ ಬಂದವರಿಗೆ ಗಂಟಲು ಕಟ್ಟಿತ್ತು. ಮೆಣಸಿನ ಕಷಾಯ ಕೊಟ್ಟೆ, ಜೇನುತುಪ್ಪ ನೆಕ್ಕಿಸಿದೆ, ಹಾಸನದ ದೊಡ್ಡಾಸ್ಪತ್ರೆಗೂ ಹೋಗಿ ಬಂದೆವು. ಡಾಕ್ಟರು ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿ ಏನೂ ಆಗಿಲ್ಲ ಅಂದರು. ಏನೂ ಆಗಿರಲಿಲ್ಲ, ದನಿ ಮಾತ್ರ ಬರಲಿಲ್ಲ. ಪಿಸುಮಾತಿಗಿಂತ ಒಂದು ಚೂರು ಮೇಲೆ, ಅಷ್ಟೇ. ದೊಡ್ಡ ಸಾಹುಕಾರ “ಗಂಟಲಿಲ್ದೋನ್ಗೆ ಹರಾಜ್ಯಾಕೆ?” ಅಂತ ಹೇಳಿ, ಮಂಡಿಯ ಹಿಂದಿನ ಶೆಡ್ಡಿನಲ್ಲಿ ಗೋಣಿಚೀಲ ಹೊಲಿಯುವ ಹೆಂಗಸರ ಸಾಲಿನಲ್ಲಿ ಕೂರಿಸಿದ. ಹರಾಜು ಕೂಗಲಿಕ್ಕೆ ಬೇರೆಯವನು ಬಂದ. ಇವರು ಕೂತ ಜಾಗಕ್ಕೆ ಅವನ ದನಿ ದಿನವೂ ಕೇಳಿಸುತ್ತಿತ್ತು.

ಅದಾದ ಮಾರನೆಯ ವರ್ಷ ಗೌರಿ ಹಬ್ಬಕ್ಕೆ ನಾನು ಹಳೇಬೀಡಿಗೆ, ಅಣ್ಣನ ಮನೆಗೆ ಹೋಗಿದ್ದೆ. ಇವರು ಬರಲಿಲ್ಲ. ಅಣ್ಣನ ಮನೆಯ ಎದುರು ದಿನಸಿ ಅಂಗಡಿಯ ಜೈನ ಶೆಟ್ಟರ ಮನೆ. ಅವರು ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವವರು. ನಮ್ಮ ಮನೆಗಳಲ್ಲಿ ರಾಗಿ ಮುದ್ದೆಗೆ ಎಸರಿಡುವ ಹೊತ್ತಿಗೆ ಅವರು ಬಾಯಿ ಮುಕ್ಕಳಿಸಿ ಜಗಲಿಗೆ ಬಂದು ಟ್ರಾನ್ಸಿಸ್ಟರ್ ಹಾಕಿಕೊಂಡು ಕೂರುತ್ತಿದ್ದರು. ರೇಡಿಯೊ ಅಂದರೆ ನಾನು ದೂರ ಸರಿಯುತ್ತಿದ್ದೆ, ಆದರೂ ಶೆಟ್ಟರ ತಾಯಿ, ಹಣ್ಣು ಹಣ್ಣು ಮುದುಕಿ, “ಬಾರೇ ಮಗ, ಅಕ್ಕಿ ಇಲ್ಲೇ ಆರಿಸು” ಅಂತ ಕರೆದರು. ಮೊರ ತಗೊಂಡು ಹೋದೆ.

ಸಿಲೋನು ಬರುತ್ತಿತ್ತು. ಅದೇ ಹಿಂದಿ, ಅದೇ ಹೆಸರುಗಳ ಬಾಲ. ನಾನು ಕಿವಿ ಕೊಡದೆ ಕಲ್ಲು ಆರಿಸುತ್ತಿದ್ದೆ. ಓದುತ್ತ ಓದುತ್ತ ಆ ಹೆಂಗಸಿನ ದನಿ ಒಂದು ಕಡೆ ತಡವರಿಸಿತು. ನಮ್ಮ ಕಡೆಯ ಹೆಸರು ನಾಲಿಗೆಗೆ ಹೊಂದದೆ, ಎರಡು ತುಂಡು ಮಾಡಿ ಹೇಳಿದಳು. ಇವರ ಹೆಸರು. ಆಮೇಲೆ ನನ್ನ ಹೆಸರು. ಆಮೇಲೆ ಅರಸೀಕೆರೆ ಅನ್ನುವುದನ್ನೂ ಹೇಗೋ ಎಳೆದಾಡಿದಳು. ಅಷ್ಟೇ. ಇಬ್ಬರೇ. ಕಾರ್ಡಿನಲ್ಲಿ ಬರೆಸಿದ್ದಂತೆಯೇ. ಆಮೇಲೆ ಮುಂದಿನ ಊರಿನವರ ಹೆಸರು.

ಮೊರ ಬಿಟ್ಟು ಎದ್ದವಳು ಟ್ರಾನ್ಸಿಸ್ಟರನ್ನು ಎತ್ತಿ ಹಿಂದೆ ನೋಡಿದೆ, ಕೆಳಗೆ ನೋಡಿದೆ, ಗೋಡೆ ತಡವಿದೆ. ಅಕ್ಕಿಯೆಲ್ಲ ಜಗಲಿಯ ಮೇಲೆ.

“ಏನಮ್ಮಾ ಹುಡುಕ್ತೀಯ?” ಅಂದರು ಶೆಟ್ಟರು.

“ವೈರು. ಇದಕ್ಕೆ ವೈರೆಲ್ಲಿ?”

“ವೈರೆಲ್ಲಿಂದ ಬರುತ್ತೆ? ಬ್ಯಾಟ್ರೀದು ಕಣಮ್ಮ ಅದು.”

ಮುದುಕಿ ನನ್ನ ಸೆರಗು ಜಗ್ಗಿದರು. “ಅದು ನಿಮ್ಮ ಯಜಮಾನ್ರ ಹೆಸರಲ್ವೇನೇ? ಅರಸೀಕೆರೆ ಅಂದ್ಲಲ್ಲ?”

ನಾನು ಹೌದೆಂದು ತಲೆ ಆಡಿಸಿದೆ. ಹೋಟೆಲಿನಲ್ಲಿ ಬಾರದ ಅಳು ಅಲ್ಲಿ ಬಂತು. ಜಗಲಿಯ ಕಂಬ ಹಿಡಿದುಕೊಂಡು ಗಟ್ಟಿಯಾಗಿ ಅತ್ತೆ. ಆ ಕ್ಲರ್ಕು ಬರೆದುಕೊಟ್ಟ ಯಾವುದೋ ಹಳೆಯ ಕಾರ್ಡು, ಮೂಟೆಯ ತಳದಲ್ಲಿ ಬಿದ್ದಿದ್ದು, ಈಗ ಯಾರ ಕೈಗೋ ಸಿಕ್ಕಿತ್ತು. ಇವರು ಕೇಳಲಿಲ್ಲವಲ್ಲ ಅಂತ ಸಂಕಟ, ಬಂತಲ್ಲ ಅಂತ ಸಂತೋಷ. ರಾತ್ರಿಯೆಲ್ಲ ಹೊರಳಾಡಿದೆ. ಬೆಳಗ್ಗೆ ಹೇಳುತ್ತೇನೆ, ದನಿ ತಿರುಗಿ ಬಂದರೂ ಬಂದೀತು ಅಂದುಕೊಂಡೆ. ಅಷ್ಟು ಆಸೆ ಆಯಿತು ನನಗೆ. ಹಬ್ಬದ ಬಾಗಿನವನ್ನೂ ಅಲ್ಲೇ ಬಿಟ್ಟು ಮೊದಲ ಬಸ್ಸು ಹತ್ತಿದೆ. ಜಾವಗಲ್ಲು, ಬಾಣಾವರ, ಯಾವ ಊರು ದಾಟಿದರೂ ಬಸ್ಸು ನಿಂತಲ್ಲೇ ನಿಂತ ಹಾಗೆ ಅನ್ನಿಸುತ್ತಿತ್ತು.

ಅರಸೀಕೆರೆಯಲ್ಲಿ ಇಳಿದದ್ದೇ ತಡ, ಹೋಟೆಲಿನ ಮುಂದೆ ಬೀಡಿ ಸೇದುತ್ತ ಕೂತಿದ್ದ ಹಮಾಲಿಯೊಬ್ಬ ನನ್ನನ್ನು ನೋಡಿ ಕೂಗಿದ. “ಅಕ್ಕೋ! ನೆನ್ನೆ ಮತ್ತೆ ಬಂತು ನಿಮ್ಮೆಜಮಾನ್ರ ಹೆಸರು! ಸಣ್ಣ ಸಾವ್ಕಾರ್ರು ಈ ಸಲ ಏನ್ ಚೆ‌ನ್ನಾಗ್ ಮಾಡವ್ರೆ ಅಂತೀರಿ, ಹೆಂಗಸಿನ ದನೀಲಿ, ತೊದಲಿಕೊಂಡು! ನಗಾಡಿ ನಗಾಡಿ ಹೊಟ್ಟೆ ನೋವು ಬಂದೋಯ್ತು. ಆಗ್ಲೇ ಓಗಿ ಯಜಮಾನ್ರಿಗೂ ಹೇಳ್ಬುಟ್ಟು ಬಂದ್ವಿ.”

ಊರೆಲ್ಲ ಕೇಳಿದೆ. ನಿಜವಾದದ್ದನ್ನೇ ಕೇಳಿದೆ. ಕೇಳಿ ನಕ್ಕಿದೆ. ಗಲ್ಲಾದ ಮೇಲಿದ್ದ ಹೋಟೆಲಿನವನ ಕಡೆ ನೋಡಿದೆ. ಗುಂಡಿ ತಿರುಗಿಸಿದ್ದನೋ ಇಲ್ಲವೋ ಅವನಿಗೆ ಗೊತ್ತಿಲ್ಲವೇ? ಅವನು ನನ್ನ ಮುಖ ನೋಡದೆ ದೇವರ ಪಟಕ್ಕೆ ಊದುಬತ್ತಿ ಹಚ್ಚತೊಡಗಿದ.

ನೆಟ್ಟಗೆ ಮಂಡಿಗೆ ಹೋದೆ. ಸಣ್ಣ ಸಾಹುಕಾರ ಗದ್ದಿಗೆಯ ಮೇಲೆ ಒರಗಿಕೊಂಡು ಕೊಬ್ಬರಿ ಚೂರು ಮೆಲ್ಲುತ್ತಿದ್ದ. ಕಾಫಿ ಎರಚಿದ ಕೈಯನ್ನೇ ಜೋಡಿಸಿದೆ. ಅವನ ಮುಂದೆ ಕೈ ಮುಗಿದದ್ದು ಇವತ್ತಿಗೂ ನನ್ನನ್ನು ಉರಿಸುತ್ತದೆ.

“ನೆನ್ನೆ ಮಾಡಿದ್ದು ನೀವಲ್ಲ. ಅದು ನಿಜವಾದ ಸಿಲೋನು. ನಾನು ಹಳೇಬೀಡಲ್ಲಿ ಕೇಳಿದೀನಿ. ನೀವು ಒಂದು ಮಾತು ಬಂದು ಹೇಳಿ, ನಾನಲ್ಲ ಅಂತ. ಅಷ್ಟೇ ಸಾಕು.”

ಅವನು ಮೆಲ್ಲುವುದನ್ನು ನಿಲ್ಲಿಸಿದ. ಅವನ ಮುಖ ನೋಡಿಯೇ ತಿಳಿಯಿತು, ಅವನಿಗೂ ಗೊತ್ತಿತ್ತು. ನೆನ್ನೆ ಹೋಟೆಲಿನಲ್ಲಿ ಕೂತು ಆ ಹೆಸರು ಕೇಳಿ ಅವನಿಗೂ ಗಾಬರಿಯಾಗಿರಬೇಕು. ಆಮೇಲೆ ಎಲ್ಲರೂ ಬೆನ್ನು ತಟ್ಟಿದಾಗ ಗಾಬರಿ ಇಳಿದಿರಬೇಕು.

“ಅಕ್ಕಾ, ಊರೆಲ್ಲ ನಾನೇ ಮಾಡಿದ್ದು ಅಂತೈತೆ” ಅಂದ. “ಇದುವರೆಗೂ ಮಾಡಿದ್ರಲ್ಲಿ ಇದೇ ಚೆ‌ನ್ನಾಗಿತ್ತಂತೆ. ಈಗ ನಾನಲ್ಲ ಅಂದ್ರೆ ಯಾರು ನಂಬ್ತಾರೆ?” ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡು ನಕ್ಕ. “ನಂಬಿದ್ರೂ ನಾನ್ಯಾಕೆ ಹೇಳ್ಲಿ?”

ನಿನ್ನ ವಂಶ ಹಾಳಾಗ ಅಂತ ಹೇಳಿ ಹಿಂದಿನ ಶೆಡ್ಡಿಗೆ ನಡೆದೆ. ಇವರು ಗೋಡೆಗೆ ಮುಖ ಮಾಡಿ ಕೂತು ಚೀಲ ಹೊಲಿಯುತ್ತಿದ್ದರು. ಸುತ್ತ ಹೆಂಗಸರು. ಮುಂದುಗಡೆ ಹರಾಜು ಶುರುವಾಗಿತ್ತು.

“ರೀ, ನೆನ್ನೆ ಬಂದಿದ್ದು ನಿಜ” ಅಂದೆ. “ಶೆಟ್ರ ಮನೆ ಜಗಲೀಲಿ ನಾನೇ ಕೇಳಿದೆ. ಬ್ಯಾಟ್ರಿ ರೇಡಿಯೊ. ವೈರು ಗೀರು ಏನೂ ಇಲ್ಲ. ಎತ್ತಿ ನೋಡಿದೀನಿ.”

ಅವರು ತಲೆ ಎತ್ತಲಿಲ್ಲ. ಹೊಲಿಗೆ ನಿಲ್ಲಿಸಲಿಲ್ಲ.

“ಶೆಟ್ರನ್ನೇ ಬಂದು ಕೇಳಿ. ಅವರಮ್ಮನ್ನ ಕೇಳಿ. ಅವರು ಸುಳ್ಳು ಹೇಳೋ ಜನಾನಾ?”

“ಅಲ್ಲೀ ತನಕ ಎಳ್ದವ್ರಾ ವೈರ್ನ” ಅಂದರು, ಆ ಉಳಿದ ಚೂರು ದನಿಯಲ್ಲಿ.

ಇನ್ನು ನನ್ನ ಹತ್ತಿರ ಉಳಿದಿದ್ದು ಒಂದೇ. ಎಷ್ಟೋ ವರ್ಷ ಬಾಯಿಗೆ ಬೀಗ ಹಾಕಿ ಇಟ್ಟಿದ್ದದ್ದು. ಅದನ್ನು ಹೇಳಿದರಾದರೂ ಈ ಮನುಷ್ಯ ನಂಬುತ್ತಾನೆ, ಹೆಂಡತಿಯಾದವಳು ಆ ಹೆಸರಿನಲ್ಲಿ ಸುಳ್ಳು ಹೇಳುವುದಿಲ್ಲ ಅಂತ ನಂಬುತ್ತಾನೆ ಅಂದುಕೊಂಡೆ. ಆ ಹೆಂಗಸರ ಮುಂದೆ, ಹಾಡು ಹಗಲಲ್ಲಿ, ಸಿಲೋನಿನ ಹೆಂಗಸು ಹೇಗೆ ಹೇಳಿದ್ದಳೋ ಹಾಗೇ, ಅದೇ ತಡವರಿಕೆಯಲ್ಲಿ, ನನ್ನ ಗಂಡನ ಹೆಸರು ಹೇಳಿದೆ. ಆಮೇಲೆ ನನ್ನ ಹೆಸರು. ಆಮೇಲೆ ಅರಸೀಕೆರೆ. ಚೀಲ ಹೊಲಿಯುತ್ತಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು.

ಅವರು ಈಗ ತಿರುಗಿ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು. ನಂಬಿದರು ಅಂತಲೇ ನಾನು ತಿಳಿದೆ.

“ಚೆ‌ನ್ನಾಗಿ ಕಲ್ತಿದೀಯ ಕಣೇ” ಅಂದರು. “ಆದ್ರೆ ಮಕ್ಕಳನ್ನ ಬಿಟ್ಬುಟ್ಯಲ್ಲ. ಪಪ್ಪು, ಮುನ್ನಿ, ಪಿಂಕಿ. ಅವರ್ನೂ ಹೇಳು.”

ನಾನು ಹೇಳಲಿಲ್ಲ. ಅವರು ದಬ್ಬಳಕ್ಕೆ ಹುರಿ ಪೋಣಿಸಿ ಮುಂದಿನ ಚೀಲ ಎಳೆದುಕೊಂಡರು. ಹೆಸರು ಹೇಳಿದ್ದಕ್ಕೆ ಆಯಸ್ಸೇನೂ ಕಡಿಮೆಯಾಗಲಿಲ್ಲ. ಆಮೇಲೂ ಬಹಳ ವರ್ಷ ಬದುಕಿದರು, ರೇಡಿಯೊ ಇರುವ ಯಾರ ಮನೆಗೂ ಕಾಲಿಡದೆ, ನನ್ನನ್ನೂ ಹೆಸರು ಹಿಡಿದು ಕರೆಯದೆ.